ಯಮುನಾಬಾಯಿ ಓದಿದ ಕಾದಂಬರಿ

ನಮ್ಮ ಕನ್ನಡ ಸಂಘದಲ್ಲಿ ಕಾದಂಬರಿ ಓದಿದವರಿಗಿಂತ ಕಾದಂಬರಿಯ ಬಗ್ಗೆ ಅಭಿಪ್ರಾಯ ಇರುವವರೇ ಹೆಚ್ಚು. ತಪ್ಪೇನಿಲ್ಲ. ಹೈದರಾಬಾದಿನಲ್ಲಿ ತಿಂಗಳಿಡೀ ಕಚೇರಿಯಲ್ಲಿ ತೆಲುಗು, ಬಜಾರಿನಲ್ಲಿ ಹಿಂದಿ ಆಡಿ ದಣಿದ ನಾಲಿಗೆಗೆ ಕಾಚಿಗುಡದ ಸಭಾಂಗಣದಲ್ಲಿ ಒಂದು ಭಾನುವಾರ ಕನ್ನಡ ಆಡಲು ಸಿಕ್ಕರೆ ಯಾರು ಸುಮ್ಮನೆ ಕೂತಾರು? ಸಂಘಕ್ಕೆ ನಾನು ಕಾರ್ಯದರ್ಶಿ. ಅಂದರೆ ಕುರ್ಚಿ ಹಾಕಿಸುವುದು, ಚಹಾ ಹೇಳುವುದು, ಎಲ್ಲರೂ ಮಾತಾಡಿದ ಮೇಲೆ ವಂದನಾರ್ಪಣೆ ಮಾಡುವುದು.

ಎಂಬತ್ತೈದನೆಯ ಇಸವಿಯ ಮಳೆಗಾಲದಲ್ಲಿ 'ವಾಚಕರ ಅಭಿಪ್ರಾಯ' ಎಂಬ ಗೋಷ್ಠಿ ಇಟ್ಟುಕೊಂಡೆವು. ಕಾದಂಬರಿ 'ಕಂಬನಿಯ ಕೂಸು'. ಕಾರ್ಖಾನೆ ಕಾಲೋನಿಯ ಕಮಲಾಕ್ಷಿಯವರು ತುಮಕೂರಿನ ತವರಿನಿಂದ ತಂದ ಪ್ರತಿ. ಇಡೀ ಹೈದರಾಬಾದಿನಲ್ಲಿ ಇದ್ದದ್ದು ಅದೊಂದೇ. ತಾಯಿ ಸತ್ತ ಮಂಗಳಾ ಎಂಬ ಹುಡುಗಿಯನ್ನು ಚಿಕ್ಕಮ್ಮ ಬಡಿಯುತ್ತಾಳೆ, ಉಪವಾಸ ಕೆಡವುತ್ತಾಳೆ, ಬಾವಿಗೂ ನೂಕುತ್ತಾಳೆ. ಹುಡುಗಿ ಬದುಕಿ, ಓದಿ, ಡಾಕ್ಟರಾಗಿ, ಕೊನೆಯ ಅಧ್ಯಾಯದಲ್ಲಿ ಅದೇ ಚಿಕ್ಕಮ್ಮನಿಗೆ ತನ್ನ ರಕ್ತ ಕೊಡುತ್ತಾಳೆ. ಚಿಕ್ಕಮ್ಮ ಅವಳ ಕಾಲು ಹಿಡಿದು ಒಂದೂವರೆ ಪುಟದುದ್ದಕ್ಕೂ ಅಳುತ್ತಾಳೆ. ಪರಿಚಯ ಭಾಷಣ ನನ್ನ ಪಾಲಿಗೆ ಬಂದಿದ್ದರಿಂದ ನಾನು ಪೂರ್ತಿ ಓದಿದೆ. ಓದಿ ಪುಸ್ತಕವನ್ನು ನಮ್ಮ ಮೇಲಿನ ಮನೆಯ ಯಮುನಾಬಾಯಿಗೆ ಕೊಟ್ಟೆ.

ಯಮುನಾಬಾಯಿ ಟೆಲಿಫೋನ್ ಕಚೇರಿಯಲ್ಲಿ ಟ್ರಂಕ್ ಕಾಲ್ ಆಪರೇಟರ್. ವಯಸ್ಸು ನಲವತ್ತರ ಹತ್ತಿರ, ಮದುವೆಯಾಗಿಲ್ಲ. ದಿನವಿಡೀ ವಿಜಯವಾಡಾದ ಜಗಳವನ್ನು ಸಿಕಂದರಾಬಾದಿಗೂ, ಗುಲ್ಬರ್ಗಾದ ಸಾವನ್ನು ನಾಂಪಲ್ಲಿಗೂ ಜೋಡಿಸಿ ಕೊಟ್ಟು ಅವರ ದನಿಯಲ್ಲಿ ಏರಿಳಿತವೇ ಉಳಿದಿರಲಿಲ್ಲ. ಹಾಲಿನವನಿಗೆ ನಾಳೆ ಬೇಡ ಎನ್ನುವುದೂ 'ನಂಬರ್ ಬಿಜಿ ಇದೆ' ಎಂದ ಹಾಗೆಯೇ ಕೇಳುತ್ತಿತ್ತು. ಏಳನೆಯ ವಯಸ್ಸಿಗೆ ತಂದೆ-ತಾಯಿ ಇಬ್ಬರನ್ನೂ ಕಳೆದುಕೊಂಡು, ಲಿಂಗಸುಗೂರಿನಿಂದ ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯ ಈ ಮನೆಗೆ, ಸರ್ಕಾರಿ ಗುಮಾಸ್ತರಾಗಿದ್ದ ಕಾಕಾನ ಹತ್ತಿರ ಬಂದವರು. ಕಾಕಾ ತೀರಿಕೊಂಡು ಬಹಳ ದಿನವಾಯಿತು. ಕಾಕು ತುಳಸಾಬಾಯಿ ಇದ್ದಾರೆ. ಎಪ್ಪತ್ತು ದಾಟಿದೆ, ಎರಡೂ ಕಣ್ಣು ಹೋಗಿವೆ. ಹೊಟ್ಟೆಯಲ್ಲಿ ಹುಟ್ಟಿದ ಮಗ ಪ್ರಹ್ಲಾದ ಇದೇ ಊರಿನ ನಾಚಾರಂನ ಒಂದು ಕಾರ್ಖಾನೆಯಲ್ಲಿದ್ದಾನೆ. ಮನೆ ಚಿಕ್ಕದು, ಹೆಂಡತಿಗೆ ತಲೆನೋವು ಎಂದು ಹೇಳಿ, ತಿಂಗಳಿಗೊಮ್ಮೆ ಅರ್ಧ ಡಜನ್ ಬಾಳೆಹಣ್ಣು ತಂದು, ಅದರಲ್ಲಿ ಎರಡನ್ನು ತಾನೇ ತಿಂದು ಹೋಗುತ್ತಾನೆ. ಕಾಕುಗೆ ಅನ್ನ ಹಾಕುವುದು, ನೀರು ಹಾಕುವುದು, ಸಂಜೆ ಕೂತು ಏನಾದರೂ ಓದಿ ಹೇಳುವುದು ಯಮುನಾಬಾಯಿಯ ಕೆಲಸ. ಗಲ್ಲಿಯವರು ಇದನ್ನು ಪುಣ್ಯ ಅನ್ನುತ್ತಿದ್ದರು. ಯಮುನಾಬಾಯಿ ಏನೂ ಅನ್ನುತ್ತಿರಲಿಲ್ಲ.

ಅವರ ಕಿಟಕಿ ನನ್ನ ಪಡಸಾಲೆಯ ನೆತ್ತಿಯ ಮೇಲೆ. ಕಚೇರಿಯಿಂದ ಬಂದು ಕುರ್ಚಿ ಹಾಕಿಕೊಂಡರೆ ನಾನು ಬೇಡವೆಂದರೂ ಕಾದಂಬರಿ ಕಿವಿಗೆ ಬೀಳುತ್ತಿತ್ತು. ಅಚ್ಚಿನಲ್ಲಿದ್ದ ಬೆಂಗಳೂರಿನ ಕನ್ನಡ ಕಾಕುಗೆ ಹಿಡಿಸುವುದಿಲ್ಲವೆಂದು ಯಮುನಾಬಾಯಿ ಓದುತ್ತ ಓದುತ್ತಲೇ ನಮ್ಮ ಮಾತಿಗೆ ತಿರುಗಿಸುತ್ತಿದ್ದರು. ಮನೆಮನೆಯಲ್ಲೂ ಗಟ್ಟಿಯಾಗಿ ಓದಿ ಹೇಳುವವರು ಮಾಡುವುದು ಅದನ್ನೇ. ತುಳಸಾಬಾಯಿ ಅಧ್ಯಾಯಕ್ಕೊಮ್ಮೆ ಅಳುತ್ತಿದ್ದರು. ಅತ್ತು ಮುಗಿಸಿ ತೀರ್ಪು ಕೊಡುತ್ತಿದ್ದರು.

"ಮೈಸೂರ ಕಡಿಯವರ ಹಂಗ ನೋಡವಾ. ಕೂಸಿಗೆ ಊಟಾ ಸುದ್ದಾ ಅಳದು ಹಾಕ್ತಾರ. ನಮ್ಮ ಕಡೆ ಹಿಂಗ ಮಾಡೂದಿಲ್ಲ."

"ಹೌದು ಕಾಕು," ಎಂದು ಯಮುನಾಬಾಯಿ ಪುಟ ತಿರುಗಿಸುತ್ತಿದ್ದರು.

ಎರಡನೆಯ ವಾರದಲ್ಲಿ ಕಾದಂಬರಿಯ ಚಿಕ್ಕಮ್ಮ ಇದ್ದಕ್ಕಿದ್ದಂತೆ ಕಾಕು ಆದಳು. ಇದೂ ಅನುವಾದದ ಒಂದು ಹಂತವಿರಬೇಕು ಎಂದುಕೊಂಡೆ. ಒಂದು ಸಂಜೆ ಮಾತ್ರ ಕೈಯಲ್ಲಿದ್ದ ಚಹಾ ಆರಿ ಹೋಯಿತು.

"ಅವತ್ತ ಮನಿಯೊಳಗ ಆರಾಧನಿ," ಎಂದು ಮೇಲಿನಿಂದ ಅದೇ ಏರಿಳಿತವಿಲ್ಲದ ದನಿ ಬರುತ್ತಿತ್ತು. "ಮಂದಿ ಭಾಳ ಬಂದಿದ್ದರು. ಕೂಸು ತಿಳೀದ, ಒಣಾ ಹಾಕಿದ್ದ ಮಡಿ ಸೀರಿ ಮುಟ್ಟಿತು. ಕಾಕು ಒಲಿಯೊಳಗಿನ ಚಿಮಟಾ ತಗದು ತೋಳಿನ ಒಳಮಗ್ಗಲಿಗೆ ಇಟ್ಟಳು. ಹೊರಮಗ್ಗಲಿಗೆ ಇಟ್ಟರ ಮಂದೀಗೆ ಕಾಣಸ್ತದ. ಆಮ್ಯಾಲೆ ಪಾವಟಿಗಿ ಬುಡಕ ಇದ್ದಲಿ ಕೋಣ್ಯಾಗ ನೂಕಿ ಚಿಲಕಾ ಹಾಕಿದಳು. ಹೊರಗ ಎಲಿ ಹಾಕಿದರು. ಕೂಸು ಕತ್ತಲದಾಗ ಕೂತು, ಯಾವ ಪದಾರ್ಥ ಬಡಸಲಿಕ್ಕತ್ತಾರ ಅಂತ ಸಪ್ಪಳದ ಮ್ಯಾಲೆ ಗುರ್ತಾ ಹಿಡೀತಿತ್ತು."

"ಅಯ್ಯ ರಾಮಾ!" ಎಂದರು ತುಳಸಾಬಾಯಿ. "ಎಂಥಾ ಹೆಂಗಸದು! ಅಕಿ ಕೈಯಿಗೆ ಹುಳಾ ಬೀಳಲಿ!"

ಪುಸ್ತಕದಲ್ಲಿ ಆರಾಧನೆಯೂ ಇರಲಿಲ್ಲ, ಮಡಿ ಸೀರೆಯೂ ಇರಲಿಲ್ಲ. ಆದರೆ ನಮ್ಮ ಮನೆಯ ಮೆಟ್ಟಿಲ ಕೆಳಗೆ ಒಂದು ಇದ್ದಲಿ ಕೋಣೆ ಇತ್ತು. ಇದ್ದಲಿ ಉರಿಸುವ ಕಾಲ ಹೋಗಿ ಅದರಲ್ಲಿ ನಾನು ಸೈಕಲ್ ಇಡುತ್ತಿದ್ದೆ. ಬಾಗಿಲ ಹೊರಗಡೆ ದಪ್ಪನೆಯ ಚಿಲಕ. ಇದ್ದಲಿಯನ್ನು ಯಾರು ಕದಿಯುತ್ತಾರೆಂದು ಇಷ್ಟು ಗಟ್ಟಿ ಚಿಲಕ ಹಾಕಿಸಿದರೋ ಎಂದು ನಾನೊಮ್ಮೆ ಯಮುನಾಬಾಯಿಯ ಮುಂದೆಯೇ ನಗೆಯಾಡಿದ್ದುಂಟು.

ಮರುದಿನ ಮೆಟ್ಟಿಲ ಮೇಲೆ ಸಿಕ್ಕರು. ನಾನು ತಡವರಿಸಿದೆ. "ಯಮುನಾಬಾಯಿ... ನಿನ್ನೆ ಓದಿದ್ದು ಪುಸ್ತಕದೊಳಗ ಇಲ್ಲಲ್ರಿ."

"ಇಲ್ಲರಿ," ಎಂದರು ಅವರು.

"ಮತ್ತ?"

ತರಕಾರಿ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡರು. "ಸೆಕ್ರೆಟರಿ ಸಾಹೇಬರ, ಯಾರದರ ಕಥಿ ಕೇಳಿದರ ಅಕಿಗೆ ಅಳು ಬರತದ. ಅದಕ್ಕ ನಂದೂ ಅದರಾಗ ಸೇರಿಸಿ ನೋಡಲಿಕ್ಕತ್ತೀನಿ. ಒಂದ ಸಲ 'ಹೌದು, ಇದು ನಮ್ಮನೀದು' ಅಂದರ ಸಾಕು. ಕಾಲು ಹಿಡಿಯೂದು, ಕ್ಷಮಾ ಕೇಳೂದು ನನಗ ಬ್ಯಾಡ. ಬರೇ ಒಂದು ಹೌದು."

"ಅನಲಿಲ್ಲಂದರ?"

"ಇನ್ನೂ ನಾಕು ಅಧ್ಯಾಯ ಅವ," ಎಂದು ಮೇಲೆ ಹೋದರು.

ಆಮೇಲಿನ ಸಂಜೆಗಳಲ್ಲಿ ಮಂಗಳಾ ಬಾವಿಗೆ ಬೀಳಲೇ ಇಲ್ಲ. ತಂಗಳು ಭಕ್ಕರಿ ಕದ್ದು ಸಿಕ್ಕಿಬಿದ್ದಳು. ಶಾಲೆಯಲ್ಲಿ ತೋಳು ಮುಚ್ಚುವ ಉದ್ದ ಕೈಯ ಪೋಲಕ ಹಾಕಿಕೊಂಡು ಬೇಸಿಗೆಯಲ್ಲಿ ಬೆವರಿದಳು. ಮೇಲೆ ಮುದುಕಿ ಅಳುತ್ತಲೇ ಇದ್ದರು, ಆ ಹೆಂಗಸಿನ ಕೈಗೂ ಬಾಯಿಗೂ ಹುಳ ಬೀಳಿಸುತ್ತಲೇ ಇದ್ದರು. ಹೌದು ಎಂಬುದು ಮಾತ್ರ ಬರಲಿಲ್ಲ.

ಗೋಷ್ಠಿಯ ಭಾನುವಾರ ಬಂತು. ತುಳಸಾಬಾಯಿ ತಾವೂ ಅಭಿಪ್ರಾಯ ಹೇಳಲೇಬೇಕೆಂದು ಹಟ ಹಿಡಿದು, ಇಳಕಲ್ ಸೀರೆ ಉಟ್ಟು, ಯಮುನಾಬಾಯಿಯ ತೋಳು ಹಿಡಿದು ಬಂದರು. ಎಲ್ಲಕ್ಕಿಂತ ಒಳ್ಳೆಯ ಅಭಿಪ್ರಾಯಕ್ಕೆ ಬಹುಮಾನವೆಂದು ನಾನು ಒಂದು ಸ್ಟೀಲ್ ಡಬ್ಬಿ ತಂದಿದ್ದೆ.

ಮೊದಲು ಎದ್ದವರು ನಿವೃತ್ತ ಎಂಜಿನಿಯರ್ ಹನುಮಂತರಾಯರು. ಕಾದಂಬರಿಯನ್ನು ಅವರು ನನ್ನ ಪರಿಚಯ ಭಾಷಣದಿಂದಲೇ ತಿಳಿದುಕೊಂಡಿದ್ದರು. ಅಷ್ಟರಲ್ಲಿಯೇ ಅದರ ಬುನಾದಿಯ ದೋಷ ಹಿಡಿದಿದ್ದರು.

"ಇದು ಲಾಜಿಕ್ ಇಲ್ಲದ ಕಾದಂಬರಿ," ಎಂದರು. "ಬಾಜೂ ಮನಿಯವರು ಏನು ಮಾಡಲಿಕ್ಕತ್ತಿದ್ದರು? ಒಂದು ಕೂಸು ಅಷ್ಟು ಚೀರಿದರ ಬಾಜೂದವರಿಗೆ ಕೇಳಸೂದಿಲ್ಲೇನು? ಕೇಳಿ ಸುಮ್ಮನ ಕೂಡ್ತಾರೇನು? ನಾ ಆಗಿದ್ದರ ಬಾಗಲಾ ಮುರದು ಒಳಗ ಹೋಗತಿದ್ದೆ!"

ಚಪ್ಪಾಳೆ ಬಿತ್ತು. ನಾನೂ ಹೊಡೆದೆ, ಕಾರ್ಯದರ್ಶಿ ಹೊಡೆಯದಿದ್ದರೆ ಹೇಗೆ? ನಾನಿರುವ ಕೆಳಗಿನ ಮನೆಯಲ್ಲಿ ನನಗಿಂತ ಮೊದಲು, ಯಮುನಾಬಾಯಿ ಕೂಸಾಗಿದ್ದಾಗಿನಿಂದ, ಬಹಳ ವರ್ಷ ಬಾಡಿಗೆಗಿದ್ದವರು ಹನುಮಂತರಾಯರೇ. ಇದ್ದಲಿ ಕೋಣೆಗೂ ಮಲಗುವ ಕೋಣೆಗೂ ನಡುವೆ ಇರುವುದು ಒಂದೇ ಗೋಡೆ. ಯಮುನಾಬಾಯಿ ಮೊದಲ ಸಾಲಿನಲ್ಲಿ ಕೂತು ಕೈಯಲ್ಲಿನ ಪುಸ್ತಕದ ಹೊದಿಕೆಯನ್ನು ನೋಡುತ್ತಿದ್ದರು.

ಆಮೇಲೆ ತುಳಸಾಬಾಯಿಯನ್ನು ಮೈಕಿನ ಮುಂದೆ ನಿಲ್ಲಿಸಿದೆವು. ಅವರು ಮೈಕನ್ನು ಹಿಡಿಯಲಿಲ್ಲ, ಮೇಜಿನ ಅಂಚು ಹಿಡಿದುಕೊಂಡರು.

"ನಾ ಕಲತಾಕಿ ಅಲ್ಲ. ಈಕಿ ಓದಿದ್ದು ಕೇಳೀನಿ. ಆ ಆರಾಧನಿ ದಿನದ್ದು ಅದ ಅಲಾ, ಅದು ಕೇಳಿ ಎರಡು ದಿನಾ ನನಗ ಅನ್ನ ಇಳೀಲಿಲ್ಲ. ಹೊರಗ ಮಂದಿ ಉಣ್ಣಲಿಕ್ಕತ್ತಾರ, ಒಳಗ ಇದ್ದಲಿಯೊಳಗ ಕೂಸು. ಸುಟ್ಟ ಕೈ. ಆದರ ಅದು ಅಳಲಿಲ್ಲ ನೋಡ್ರಿ. ಬಾಗಲಾನೂ ಬಡೀಲಿಲ್ಲ. ಸಣ್ಣ ದನಿಲೆ ಮಗ್ಗಿ ಹೇಳಲಿಕ್ಕತ್ತಿತ್ತು. ಹದಿಮೂರೊಂದಲೆ ಹದಿಮೂರು, ಹದಿಮೂರೆರಡಲೆ ಇಪ್ಪತ್ತಾರು... ತಪ್ಪಿದರ ಮತ್ತ ಮೊದಲಿಂದ. ಹಂಗ ಹೇಳಿಕೋತ, ಹೇಳಿಕೋತ..."

ಹೆಂಗಸರ ಸಾಲಿನಲ್ಲಿ ಸೆರಗುಗಳು ಕಣ್ಣಿಗೆ ಹೋದವು. ಯಮುನಾಬಾಯಿ ತಲೆ ಎತ್ತಿದ್ದರು.

ಕಮಲಾಕ್ಷಿಯವರು ಮೆಲ್ಲಗೆ ಎದ್ದರು. "ಅಲ್ಲಾ ರೀ, ಆ ದೃಶ್ಯ ಪುಸ್ತಕದಲ್ಲಿ ಎಲ್ಲೂ ಇಲ್ವಲ್ಲ! ನಾನು ಎರಡು ಸಲ ಓದಿದೀನಿ."

ಅಧ್ಯಕ್ಷ ಗುರುಸಿದ್ದಪ್ಪನವರಿಗೆ ಸಿಟ್ಟು ಬಂತು. "ಹಂಗೆಂಗ ಇಲ್ಲಂತೀರಿ ಅವ್ವಾರ? ವಾರಪತ್ರಿಕಿಯೊಳಗ ಬರಾಕತ್ತಿದ್ದಾಗ ನಾನ ಓದೇನಿ, ಓದಿ ಅತ್ತೇನಿ. ಪುಸ್ತಕಾ ಮಾಡೂ ಮುಂದ ತಗದಾರ. ಆ ಇದ್ದಲಿ ಕ್ವಾಣಿ ಇಲ್ಲಂದ್ರ ಈ ಕಾದಂಬರಿಯೊಳಗ ಏನೈತಿ? ಅದ ಅದರ ಜೀವಾ!"

"ಹೌದು, ಹೌದು, ಅದೇ ಜೀವಾ," ಎಂದು ಸಭೆ ಒಪ್ಪಿತು. ಓದಿದ ಒಬ್ಬ ಹೆಂಗಸು ಸುಳ್ಳಾಗಿ ಕೂತರು. ಸ್ಟೀಲ್ ಡಬ್ಬಿ ತುಳಸಾಬಾಯಿಗೆ ಹೋಯಿತು.

ಮನೆಗೆ ಒಂದೇ ಆಟೋದಲ್ಲಿ ಹೊರಟೆವು. ಹೆಂಗಸರಿಬ್ಬರು ಹಿಂದೆ, ನಾನು ಡ್ರೈವರನ ಸೀಟಿನಲ್ಲಿ ಅರ್ಧ ದೇಹ ಒಳಗೆ, ಅರ್ಧ ಕಾಚಿಗುಡದ ಮಳೆಯಲ್ಲಿ. ಮುದುಕಿ ಡಬ್ಬಿಯ ಮುಚ್ಚಳವನ್ನು ಬೆರಳಿನಿಂದ ಸವರುತ್ತಿದ್ದರು.

"ಕಾಕು," ಎಂದರು ಯಮುನಾಬಾಯಿ. "ಮಗ್ಗಿ ಹೇಳಿದ್ದು ನಿನಗ ಹೆಂಗ ಗೊತ್ತು?"

"ನೀನ ಓದಿದೆಲ್ಲ."

"ನಾ ಓದಲಿಲ್ಲ. ಯಾರಿಗೂ ಅದು ಕೇಳಿಸಿಲ್ಲ ಅಂತ ತಿಳಕೊಂಡಿದ್ದೆ."

ಆಟೋ ಒಂದು ಹೊಂಡಕ್ಕೆ ಇಳಿದು ಎದ್ದಿತು. ಡ್ರೈವರ್ ಮಳೆಯನ್ನೂ ನಗರಪಾಲಿಕೆಯನ್ನೂ ಸೇರಿಸಿ ದಖನಿಯಲ್ಲಿ ಬೈದ.

"ಬಾಗಲಾ ದಪ್ಪ ಇತ್ತು," ಎಂದರು ಯಮುನಾಬಾಯಿ. ದನಿಯಲ್ಲಿ ಈಗಲೂ ಏರಿಳಿತವಿಲ್ಲ. "ಮಗ್ಗಿ ಕೇಳಸಬೇಕಂದರ ಬಾಗಲಕ್ಕ ಕಿವಿ ಹಚ್ಚಿ ನಿಂದರಬೇಕು. ಎಷ್ಟೊತ್ತು ನಿಂತಿದ್ದಿ ಕಾಕು?"

ಮುದುಕಿಯ ಬೆರಳು ಮುಚ್ಚಳದ ಮೇಲೆ ನಿಂತಿತು. "ಪುಸ್ತಕದಾಗ ಇದ್ದೀತು ಬಿಡು," ಎಂದರು. "ಮಳಿ ಒಳಗ ಬರಲಿಕ್ಕತ್ತದ. ಪಡದೆ ಎಳಿ."

ಯಮುನಾಬಾಯಿ ಆಟೋದ ಪರದೆ ಎಳೆದರು.

ಮರುದಿನ ಸಂಜೆ ಮೇಲಿನಿಂದ ಓದು ಕೇಳಲಿಲ್ಲ. ಅದರ ಮರುದಿನ ಮುದುಕಿಯೇ ಕೇಳಿದರು. "ಆ ಕಾದಂಬರಿ ಮುಗೀಲಿಲ್ಲಲ. ಕಡಿಗೆ ಏನಾತು? ಓದಿ ಹೇಳು."

ಉಳಿದದ್ದು ಕೊನೆಯ ಅಧ್ಯಾಯ: ಆಸ್ಪತ್ರೆ, ರಕ್ತ, ಕಾಲು ಹಿಡಿದು ಒಂದೂವರೆ ಪುಟದ ಅಳು. ಯಮುನಾಬಾಯಿ ಅದನ್ನು ಓದಲು ಹೋಗಲಿಲ್ಲ. ಪುಸ್ತಕವನ್ನು ಆ ಬೆಳಿಗ್ಗೆಯೇ ನನ್ನ ಕೈಗೆ ಹಿಂದಿರುಗಿಸಿದ್ದರು. ಅದು ನನ್ನ ಕುರ್ಚಿಯ ಪಕ್ಕದಲ್ಲೇ ಇತ್ತು.

"ಕಡಿಗೆ ಏನೂ ಆಗಲಿಲ್ಲ ಕಾಕು," ಎಂದು ಮೇಲಿನಿಂದ ಕೇಳಿಸಿತು. "ಕೂಸು ದೊಡ್ಡಾಕಿ ಆತು, ನೌಕರಿ ಹಿಡೀತು. ಆ ಕಾಕೂಗ ಕಣ್ಣು ಹೋದವು. ಆ ಕೂಸ ಅಕಿಗೆ ಅನ್ನಾ ಹಾಕ್ತದ."

"ಮತ್ತ?"

"ಒಂದಿನ ಆ ಹುಡುಗಿ ಕೇಳ್ತು, ಕಾಕು, ನೀ ಬಾಗಲದ ಹೊರಗ ನಿಂತಿದ್ದೆಲ್ಲಾ, ಹೌದಲ್ಲೋ ಅಂತ."

"ಅದಕ್ಕ ಆ ಕಾಕು ಏನಂದಳು?"

"ಅದು ಪುಸ್ತಕದಾಗ ಇಲ್ಲ. ನೀ ಹೇಳು. ಏನಂದಾಳು?"

ಗಲ್ಲಿಯಲ್ಲಿ ಬಳೆಗಾಡಿಯವನು ಕೂಗುತ್ತ ಹೋದ. ಅವನ ಕೂಗು ತಿರುವಿನಲ್ಲಿ ಮರೆಯಾಯಿತು. ನಾನು ಕೆಳಗೆ ಕುರ್ಚಿ ಕಿರುಗುಟ್ಟದಂತೆ ಕೂತಿದ್ದೆ.

"ಏನಂದಾಳು?" ಎಂದರು ತುಳಸಾಬಾಯಿ ಕೊನೆಗೆ. "ವಯಸ್ಸಾದಾಕಿ. ಚಹಾ ಕೇಳ್ಯಾಳು."

ಮೇಲೆ ಯಾರೋ ನಕ್ಕ ಹಾಗಾಯಿತು. ಅದು ಯಮುನಾಬಾಯಿಯ ನಗು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು, ಅವರ ನಗುವನ್ನು ಮೊದಲು ಕೇಳಿರಲಿಲ್ಲ. ಆಮೇಲೆ ಅಡುಗೆಮನೆಯ ಕಡೆ ಹೆಜ್ಜೆ ನಡೆದವು, ಬೆಂಕಿಕಡ್ಡಿ ಗೀರಿದ ಸದ್ದು, ಸ್ಟೋವಿಗೆ ಗಾಳಿ ಹೊಡೆಯುವ ಸದ್ದು. ಅದು ನಿಲ್ಲಲೇ ಇಲ್ಲ. ಒಂದು ಲೋಟ ಚಹಾಕ್ಕೆ ಅಷ್ಟು ಗಾಳಿ ಬೇಕಾಗಿರಲಿಲ್ಲ.