ಮೇಸ್ತ್ರಿಯ ಗೇಣು

ಗುದ್ದಿದರೂ ಜಜ್ಜಿಹೋಗದ ಕಾರೇ ಗಟ್ಟಿ ಕಾರು ಎಂದು ಗುಮಾಸ್ತ ಬಹಳ ದಿನ ನಂಬಿದ್ದ. ಅಪ್ಪನ ಕಾಲದ ತನ್ನ ಕಾರು ಗೇಟಿನ ಕಂಬ ಉರುಳಿಸಿಯೂ ಮುಖ ಸೊಟ್ಟ ಮಾಡಿಕೊಳ್ಳದೆ ನಿಂತದ್ದನ್ನು ಆಫೀಸಿನಲ್ಲೆಲ್ಲ ಹೇಳಿಕೊಂಡು ಮೆರೆದಿದ್ದ. ಈಗ ಹೆಂಡತಿ ಏಳು ತಿಂಗಳ ಬಸುರಿ; ಕಾರು ಬದಲಿಸಬೇಕೇ ಎಂದು ಕೇಳಲು ಡೆಂಟ್ ತೆಗೆಯುವ ಮೇಸ್ತ್ರಿಯ ಶೆಡ್ಡಿಗೆ ಬಂದ. ಮೇಸ್ತ್ರಿ ಸಾಮಾನ್ಯರಲ್ಲ, ಬಾಗಿಲು ತಟ್ಟಿ ಸದ್ದಿನಲ್ಲೇ ಕಾರಿನ ವಯಸ್ಸು ಹೇಳುವವರು, ಕಿವಿಗೆ ಸಿಕ್ಕಿಸಿಕೊಂಡ ಸೀಮೆಸುಣ್ಣವನ್ನು ಶೆಡ್ಡೆಲ್ಲ ಹುಡುಕುವವರು, ಎಂಥ ಮಾಲೀಕನಿಗೂ "ಕಾರಿರ್ಲಿ, ನೀವು ಹೇಗಿದ್ದೀರಿ?" ಎನ್ನುವವರು. ಅಪಘಾತದ ಕಾರು ಬಂದರೆ ಮೊದಲು ಒಳಗೆ ಬಗ್ಗಿ, ಸೀಟಿಗೂ ಸ್ಟೀರಿಂಗಿಗೂ ನಡುವೆ ಉಳಿದ ಜಾಗವನ್ನು ಗೇಣು ಹಾಕಿ ಅಳೆಯುತ್ತಾರೆ. ಆಗ ಶೆಡ್ಡಿನ ಸುತ್ತಿಗೆಗಳೆಲ್ಲ ತಾವಾಗಿ ಸುಮ್ಮನಾಗುತ್ತವೆ. ಅಂದು ಮೂತಿಯೆಲ್ಲ ಅಪ್ಪಚ್ಚಿಯಾದ ಹೊಸ ಕಾರಿನಲ್ಲಿ ಎರಡು ಗೇಣು ಸಿಕ್ಕಿತು. "ಪೆಟ್ಟೆಲ್ಲ ತಾನೇ ತಿಂದು ಒಳಗಿದ್ದೋರನ್ನ ಉಳಿಸಿದೆ, ಪುಣ್ಯಾತ್ಮ" ಎಂದು ಅದರ ಬೆನ್ನು ಸವರಿದರು. ಪಕ್ಕದಲ್ಲಿ ಗುಮಾಸ್ತನದೇ ಮಾಡೆಲ್ಲಿನ, ಎಲ್ಲೋ ಗುದ್ದಿಕೊಂಡು ಬಂದ ಹಳೆಯ ಕಾರೊಂದಿತ್ತು. ಅದರ ಮೂತಿ ಅಷ್ಟೇನೂ ಕೆಟ್ಟಿರಲಿಲ್ಲ, ಆದರೆ ಸ್ಟೀರಿಂಗಿನ ಹಿಂದೆ ಮೇಸ್ತ್ರಿಯ ಕೈಯೇ ತೂರಲಿಲ್ಲ. "ಮೇಸ್ತ್ರಿಗಳೇ, ನನ್ನ ಕಾರಲ್ಲಿ ನಿಮ್ಮ ಮಗಳನ್ನ ಕೂರಿಸ್ತೀರಾ?" ಎಂದು ಗುಮಾಸ್ತ ಕೇಳಿಯೇಬಿಟ್ಟ. "ನಿಂತಿದ್ರೆ ಕೂರಿಸ್ತೀನಿ. ಸ್ಟಾರ್ಟ್ ಮಾಡಿದ್ರೆ ಇಳಿಸ್ಕೋತೀನಿ."