ವಿಚ್ಛೇದನ ಕೊಟ್ಟ ಕೋರ್ಟು ಯಾರದು?

ಗೆಳೆಯರೇ, ಇವತ್ತು ಗೆಳತಿ ಸುಧಾಳ ಜೊತೆ ಜಪಾನಿನ ಕಾವಾಸಾಕಿಯ ವಲಸೆ ಕಚೇರಿಗೆ ಹೋಗಿ ಸುಸ್ತಾಗಿ ಬಂದೆ. ಅವಳಿಗೆ ವಿಚ್ಛೇದನವಾದದ್ದು ಅಮೆರಿಕದಲ್ಲಿದ್ದಾಗ. ಮಗಳು ತಾಯಿಯ ಬಳಿಯೇ ಇರಬೇಕೆಂದು ಅಲ್ಲಿನ ರಾಜ್ಯದ ಕೋರ್ಟು ಆದೇಶಿಸಿತ್ತು. ಮಗಳ ವೀಸಾಕ್ಕೆ ಆ ಆದೇಶ ತೋರಿಸಬೇಕಿತ್ತು.

ಕೌಂಟರಿನಲ್ಲಿದ್ದವರು ಓದಿ ತಲೆ ಬಾಗಿಸಿದರು. "ಸುಮಿಮಾಸೆನ್, ಕ್ಷಮಿಸಿ, ಇದು ರಾಜ್ಯದ್ದು. ದೇಶದ ಕೋರ್ಟಿನದು ಬೇಕು." ಜಪಾನಿನಲ್ಲಿ ಕೋರ್ಟುಗಳೆಲ್ಲ ದೇಶದವೇ.

"ಅಮೆರಿಕದಲ್ಲಿ ಎರಡು ಥರ ಕೋರ್ಟ್ ಇದೆ. ಡಿವೋರ್ಸ್ ಕೊಡೋದು ರಾಜ್ಯದ್ದೇ. ದೇಶದ ಫೆಡರಲ್ ಕೋರ್ಟ್ ಅದನ್ನ ಮುಟ್ಟೋದೂ ಇಲ್ಲ," ಎಂದು ಸುಧಾ ಮತ್ತೆ ಮತ್ತೆ ಹೇಳಿದಳು.

ಅವರು ಒಳಗೆ ಹೋಗಿ ಮೇಲಧಿಕಾರಿಯನ್ನು ಕೇಳಿ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ಕೊನೆಗೆ ಆದೇಶವನ್ನು ಒಪ್ಪಿಕೊಂಡರು.

ಹೊರಗೆ ಕೊಂಬಿನಿ ಅಂಗಡಿಯ ಕಾಫಿ ಹಿಡಿದು ಸುಧಾ ನಿಟ್ಟುಸಿರು ಬಿಟ್ಟಳು: "ಗಂಡನ್ನ ಬಿಟ್ಟಿದ್ದೇ ಸುಲಭ ಆಯ್ತು ಕಣೇ. ಯಾವ ಕೋರ್ಟು ಬಿಡಿಸ್ತು ಅಂತ ಹೇಳೋದೇ ಕಷ್ಟ!"