ಮಿಲನ್ ಎಳೆಯುವ ಬಾಗಿಲು

ಸೋದರತ್ತೆ ಕಮಲಮ್ಮನ ಮನೆಯಲ್ಲಿರುವ ಮಿಲನ್ ಕಂಪ್ಯೂಟರಿನಲ್ಲಿ ಆಟ ಕಟ್ಟುವವನು. ಊಟ, ಗಡ್ಡ, ಹಬ್ಬ ಒಂದೂ ನೆನಪಿರುವುದಿಲ್ಲ. ಆಟದೊಳಗಿನ ವಸ್ತುವನ್ನು ಹಿಗ್ಗಿಸಿದರೆ ಎರಡೂ ಬದಿಗೆ ಬೆಳೆಯುತ್ತದಂತೆ. ಒಂದು ಬದಿ ಅಲುಗದಂತೆ ಇನ್ನೊಂದನ್ನೇ ಎಳೆಯುವುದು ಇವನ ತಪಸ್ಸು. ಚಾಪೆ ಹಾಸುವಾಗಲೂ ಒಂದು ತುದಿಯನ್ನು ಕಾಲಲ್ಲಿ ಮೆಟ್ಟಿಕೊಂಡೇ ಎಳೆಯುತ್ತಾನೆ. ರೊಟ್ಟಿ ತಟ್ಟುವ ಅತ್ತೆಗೂ, "ಒಂದು ಅಂಚು ಗಟ್ಟಿ ಹಿಡ್ಕೊಳ್ಳಿ" ಎಂದು ಪಾಠ ಹೇಳುತ್ತಾನೆ. ಎರಡು ತಿಂಗಳಿಂದ ಆಟದೊಳಗಿನ ಒಂದು ಮನೆಯ ಬಾಗಿಲಿಗೇ ಅಂಟಿಕೊಂಡಿದ್ದಾನೆ; ಗುಡ್ಡದ ಬದಿಯ ಚೌಕಟ್ಟು ಇದ್ದಲ್ಲೇ ಇದ್ದು, ಬಾಗಿಲು ಅಂಗಳದ ಬದಿಗೆ ಅಗಲವಾಗಬೇಕು. "ಇಷ್ಟು ದೊಡ್ಡದು ಯಾಕೋ, ಆನೆ ಬರ್ತದಾ?" ಎಂದು ಕಮಲಮ್ಮ ನಕ್ಕರು. ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಇದು ನಮ್ಮ ಮನೆ, ಅತ್ತೆ. ಗುಡ್ಡ ಜರಿದ ದಿನ ಹಾಸಿಗೆ ಹಿಡಿದಿದ್ದ ಅಪ್ಪನ್ನ ಮಂಚ ಸಮೇತ ಎತ್ತಿದ್ದೆವು. ಬಾಗಿಲು ನಾಲ್ಕು ಬೆರಳು ಸಾಲ್ಲಿಲ್ಲ." ಕಮಲಮ್ಮ ಅವನ ಪಕ್ಕ ಕುಳಿತು, "ಇನ್ನೂ ಒಂಚೂರು ಎಳಿ, ಮಗ" ಎಂದರು.